ಮೂರ್ಛನೆಗಳ ಹೆಸರು ಮತ್ತು ಸ್ವರಾಂತರ: ಸ್ಥಾನಾಂಗ–ಅನುಯೋಗದ್ವಾರಗಳ ಪಾಠವಿಚಾರ

ಸ್ಥಾನಾಂಗಸೂತ್ರದ ಏಳನೆಯ ಸ್ಥಾನದಲ್ಲಿಯೂ ಅನುಯೋಗದ್ವಾರಸೂತ್ರದಲ್ಲಿ ಸಪ್ತನಾಮವನ್ನು ನಿರೂಪಿಸುವ ಸಂದರ್ಭದಲ್ಲಿಯೂ ಬರುವ ಸ್ವರಮಂಡಲವು ಜೈನ ವಾಙ್ಮಯದಲ್ಲಿ ಸಂಗೀತಕ್ಕೆ ಸಂಬಂಧಿಸಿದ ಅತಿ ಪ್ರಾಚೀನ ಭಾಗಗಳಲ್ಲಿ ಒಂದು. ಸಪ್ತಸ್ವರಗಳ ಉತ್ಪತ್ತಿಸ್ಥಾನಗಳು, ಅವುಗಳನ್ನು ನುಡಿಯುವ ಪ್ರಾಣಿಪಕ್ಷಿಗಳು, ಮೂರು ಗ್ರಾಮಗಳು, ಗ್ರಾಮಕ್ಕೆ ಏಳರಂತೆ ಇಪ್ಪತ್ತೊಂದು ಮೂರ್ಛನೆಗಳು, ಗೀತದ ಗುಣದೋಷಗಳು ಇವೆಲ್ಲವೂ ಅಲ್ಲಿ ಗಾಥಾರೂಪದಲ್ಲಿ ಸಂಗ್ರಹವಾಗಿವೆ. ಈ ಪೈಕಿ ಮೂರ್ಛನೆಗಳ ಭಾಗವು ಕೇವಲ ಹೆಸರುಗಳ ಪಟ್ಟಿ. ಲಕ್ಷಣವಿಲ್ಲ, ಉದಾಹರಣೆಯಿಲ್ಲ. ವೃತ್ತಿಕಾರರು ಸಹ ಇವುಗಳ ವಿವರವು ಪೂರ್ವಗತವಾದ ಸ್ವರಪ್ರಾಭೃತದಲ್ಲಿ ಇದ್ದಿತೆಂದೂ, ಈಗ ಅದನ್ನು ಭರತ, ವಿಶಾಖಿಲ ಮೊದಲಾದವರ ಶಾಸ್ತ್ರಗಳಿಂದ ತಿಳಿಯಬೇಕೆಂದೂ ಸೂಚಿಸಿ ಮುಂದೆ ಸಾಗುತ್ತಾರೆ.

ಅರ್ಥ ತಿಳಿಯದ ಹೆಸರುಗಳ ಪಟ್ಟಿ ಲಿಪಿಕಾರನ ಕೈಯಲ್ಲಿ ಎಷ್ಟು ಸುರಕ್ಷಿತವೆಂಬುದು ಹಸ್ತಪ್ರತಿಗಳೊಡನೆ ಬಳಕೆಯಿರುವವರಿಗೆ ಹೇಳಬೇಕಾದುದಲ್ಲ. ಆದರೆ ಇಲ್ಲಿ ಲಿಪಿಕಾರನಿಗಿಂತ ಹೆಚ್ಚಿನ ಅಪಾಯ ಸಂಪಾದಕನಿಂದಲೇ ಉಂಟು. ಆಗಮದ ಪಟ್ಟಿಯನ್ನು ನಾಟ್ಯಶಾಸ್ತ್ರದ ಪಟ್ಟಿಯೊಡನೆ ಹೋಲಿಸಿದ ಕೂಡಲೇ ಎರಡೂ ಗ್ರಾಮಗಳ ಹೆಸರುಗಳು ಅದಲುಬದಲಾದಂತೆ ತೋರುತ್ತವೆ. ಭರತನು ಷಡ್ಜಗ್ರಾಮಕ್ಕೆ ಹೇಳಿದ ಉತ್ತರಮಂದ್ರಾ, ರಜನೀ, ಅಶ್ವಕ್ರಾಂತಾ, ಅಭಿರುದ್ಗತಾ ಇವು ಆಗಮದಲ್ಲಿ ಮಜ್ಝಿಮಗಾಮದ ಕೆಳಗೆ ಕಾಣುತ್ತವೆ. ಅವನು ಮಧ್ಯಮಗ್ರಾಮಕ್ಕೆ ಹೇಳಿದ ಮಾರ್ಗೀ, ಪೌರವೀ, ಹರಿಣಾಶ್ವಾ ಇವುಗಳ ಪ್ರಾಕೃತರೂಪಗಳು ಸಜ್ಜಗಾಮದ ಕೆಳಗೆ ಕಾಣುತ್ತವೆ. ಇದನ್ನು ಲಿಪಿಕಾರನ ಪ್ರಮಾದವೆಂದು ಭಾವಿಸಿ ಶೀರ್ಷಿಕೆಗಳನ್ನು ಸ್ಥಳಾಂತರಿಸಿ, ಉಳಿದ ಹೆಸರುಗಳನ್ನು ಭರತನಿಗೆ ಅನುಗುಣವಾಗಿ ತಿದ್ದಿಬಿಡಬೇಕೆಂಬ ಅಪೇಕ್ಷೆ ಹುಟ್ಟುವುದು ಸಹಜ. ಆ ತಿದ್ದುಪಾಟು ಯುಕ್ತವೇ ಎಂಬುದನ್ನು ನಿರ್ಣಯಿಸಲು ಮೂರ್ಛನೆಯೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಸಪ್ತಸ್ವರಗಳನ್ನು ನಿಯತವಾದ ಅಂತರಗಳಲ್ಲಿ ನಿಲ್ಲಿಸಿದ ಸಮೂಹವು ಗ್ರಾಮ. ಆ ಅಂತರಗಳನ್ನು ಕದಲಿಸದೆ, ಆರಂಭದ ಸ್ವರವನ್ನು ಮಾತ್ರ ಬದಲಿಸಿ ಕ್ರಮವಾಗಿ ಏರಿಳಿಯುವುದು ಮೂರ್ಛನೆ. ಒಂದು ಸ್ಥಾಯಿಯಲ್ಲಿ 22 ಶ್ರುತಿಗಳು. ಷಡ್ಜಗ್ರಾಮದಲ್ಲಿ ಷಡ್ಜದಿಂದ ಋಷಭಕ್ಕೆ 3, ಋಷಭದಿಂದ ಗಾಂಧಾರಕ್ಕೆ 2, ಗಾಂಧಾರದಿಂದ ಮಧ್ಯಮಕ್ಕೆ 4, ಮಧ್ಯಮದಿಂದ ಪಂಚಮಕ್ಕೆ 4, ಪಂಚಮದಿಂದ ಧೈವತಕ್ಕೆ 3, ಧೈವತದಿಂದ ನಿಷಾದಕ್ಕೆ 2, ನಿಷಾದದಿಂದ ಮೇಲಿನ ಷಡ್ಜಕ್ಕೆ 4 ಶ್ರುತಿಗಳು. ಮಧ್ಯಮಗ್ರಾಮದಲ್ಲಿ ಪಂಚಮವು ಒಂದು ಶ್ರುತಿಯಷ್ಟು ಇಳಿಯುತ್ತದೆ. ಆದುದರಿಂದ ಮಧ್ಯಮ–ಪಂಚಮಗಳ ಅಂತರ 3, ಪಂಚಮ–ಧೈವತಗಳ ಅಂತರ 4 ಆಗುತ್ತದೆ. ಉಳಿದ ಅಂತರಗಳು ಎರಡು ಗ್ರಾಮಗಳಲ್ಲಿಯೂ ಒಂದೇ. ಈ ಒಂದು ಶ್ರುತಿಯನ್ನೇ ಭರತನು ಪ್ರಮಾಣಶ್ರುತಿಯೆಂದು ಕರೆದು, ಒಂದೇ ಶ್ರುತಿಗೆ ಕೂಡಿಸಿದ ಎರಡು ವೀಣೆಗಳಲ್ಲಿ ಒಂದನ್ನು ಸ್ಥಿರವಾಗಿರಿಸಿ ಮತ್ತೊಂದನ್ನು ಹಂತಹಂತವಾಗಿ ಇಳಿಸುವ ಪ್ರಯೋಗದಿಂದ ಅದನ್ನು ಕಿವಿಗೆ ನಿದರ್ಶಿಸಿದನು.

ಇಂದಿನ ಓದುಗರಿಗೆ ಈ ಅಂಕಿಗಳು ನಿರ್ಜೀವವಾಗಿ ತೋರಬಹುದು. ಅವುಗಳಿಗೆ ಜೀವ ಬರುವುದು ಕಿವಿಗೆ ಪರಿಚಿತವಾದ ಒಂದು ಶ್ರೇಣಿಯ ಪಕ್ಕದಲ್ಲಿರಿಸಿದಾಗ. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎಂದೂ, ಕರ್ಣಾಟಕ ಪದ್ಧತಿಯಲ್ಲಿ 29ನೆಯ ಮೇಳವಾದ ಧೀರಶಂಕರಾಭರಣವೆಂದೂ, ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟ್ ಎಂದೂ ಕರೆಯುವ ಶ್ರೇಣಿ ಅಂತಹುದು. ಅದರಲ್ಲಿ ಗಾಂಧಾರ–ಮಧ್ಯಮಗಳ ನಡುವೆಯೂ ನಿಷಾದ–ತಾರಷಡ್ಜಗಳ ನಡುವೆಯೂ ಕಿರಿಯ ಅಂತರ; ಮಿಕ್ಕ ಐದು ಕಡೆ ಹಿರಿಯ ಅಂತರ. ಈ ಶ್ರೇಣಿಯನ್ನು ಹಾಗೆಯೇ ಇರಿಸಿ, ಅದರ ಋಷಭವನ್ನು ಆಧಾರಷಡ್ಜವೆಂದು ಭಾವಿಸಿದರೆ ಖರಹರಪ್ರಿಯವೂ, ಗಾಂಧಾರದಿಂದ ಹನುಮತೋಡಿಯೂ, ಮಧ್ಯಮದಿಂದ ಮೇಚಕಲ್ಯಾಣಿಯೂ, ಪಂಚಮದಿಂದ ಹರಿಕಾಂಭೋಜಿಯೂ, ಧೈವತದಿಂದ ನಟಭೈರವಿಯೂ ದೊರೆಯುತ್ತವೆ. ನಿಷಾದದಿಂದ ಹೊರಟರೆ ಮಾತ್ರ ಪಂಚಮವಿಲ್ಲದೆ ಎರಡು ಮಧ್ಯಮಗಳು ಬಂದು, ಮೇಳದ ನಿಯಮಕ್ಕೆ ಒಗ್ಗದ ಶ್ರೇಣಿಯೊಂದು ಉಳಿಯುತ್ತದೆ. ವಿದ್ವಾಂಸರು ಗ್ರಹಭೇದವೆಂದು ಕಚೇರಿಗಳಲ್ಲಿ ತೋರಿಸುವುದು ಇದನ್ನೇ. ಪಾಶ್ಚಾತ್ಯರಲ್ಲಿ ಇದೇ ಏಳು ಶ್ರೇಣಿಗಳಿಗೆ ಕ್ರಮವಾಗಿ ಅಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಏಯೋಲಿಯನ್, ಲೋಕ್ರಿಯನ್ ಎಂದು ಹೆಸರು. ಒಟ್ಟಾಗಿ ಅವುಗಳನ್ನು ಮೋಡ್‌ಗಳೆನ್ನುತ್ತಾರೆ.

ಇನ್ನು ಷಡ್ಜಗ್ರಾಮದ ಮೂರ್ಛನೆಗಳನ್ನು ಈ ಒರೆಗಲ್ಲಿಗೆ ಹಚ್ಚಬಹುದು. ಷಡ್ಜದಿಂದ ಹೊರಡುವ ಉತ್ತರಮಂದ್ರೆಯ ಅಂತರಗಳು 3, 2, 4, 4, 3, 2, 4. ಹಿರಿದು, ಕಿರಿದು, ಹಿರಿದು, ಹಿರಿದು, ಹಿರಿದು, ಕಿರಿದು, ಹಿರಿದು ಎಂಬ ಈ ನಡೆ ಖರಹರಪ್ರಿಯದ್ದು. ಅಂದರೆ ಭರತನ ಮೂಲಶ್ರೇಣಿಯು ಶಂಕರಾಭರಣವಲ್ಲ. ಶಂಕರಾಭರಣವನ್ನು ಕಾಣಲು ನಿಷಾದದಿಂದ ಹೊರಡಬೇಕು: 4, 3, 2, 4, 4, 3, 2. ಇದು ರಜನೀ. ಹಾಗೆಯೇ ಧೈವತದ ಉತ್ತರಾಯತೆಯು ಮೇಳವಲ್ಲದ ಆ ಏಳನೆಯ ಶ್ರೇಣಿಗೂ, ಪಂಚಮದ ಶುದ್ಧಷಡ್ಜೆಯು ನಟಭೈರವಿಗೂ, ಮಧ್ಯಮದ ಮತ್ಸರೀಕೃತೆಯು ಹರಿಕಾಂಭೋಜಿಗೂ, ಗಾಂಧಾರದ ಅಶ್ವಕ್ರಾಂತೆಯು ಮೇಚಕಲ್ಯಾಣಿಗೂ, ಋಷಭದ ಅಭಿರುದ್ಗತೆಯು ಹನುಮತೋಡಿಗೂ ಹೊಂದುತ್ತವೆ. ಈ ಹೊಂದಿಕೆ ಸ್ವರಸ್ಥಾನಗಳ ಮಟ್ಟಿಗೆ ಮಾತ್ರ. ಉತ್ತರಮಂದ್ರೆಯನ್ನು ಖರಹರಪ್ರಿಯ ರಾಗವೆಂದು ಹೇಳುವುದು ಪ್ರಮಾದವಾದೀತು. ಮೂರ್ಛನೆ ರಾಗವಲ್ಲ, ರಾಗಕ್ಕೆ ಬೇಕಾದ ಅಂಶ, ನ್ಯಾಸ, ಅಲ್ಪತ್ವ, ಬಹುತ್ವಗಳೆಲ್ಲ ಜಾತಿಲಕ್ಷಣಕ್ಕೆ ಸೇರಿದವು.

ಮಧ್ಯಮಗ್ರಾಮದಲ್ಲಿ ನಿಷಾದದಿಂದ ಹೊರಟರೆ ಏನಾಗುತ್ತದೆ? 4, 3, 2, 4, 3, 4, 2. ಇದೂ ಶಂಕರಾಭರಣವೇ, ಧೈವತ ಮಾತ್ರ ರಜನಿಯ ಧೈವತಕ್ಕಿಂತ ಒಂದು ಶ್ರುತಿ ತಗ್ಗು. ಭರತನು ಶ್ರುತಿಗಳಿಗೆ ಗಣಿತದ ಪ್ರಮಾಣವನ್ನು ಹೇಳಿಲ್ಲ. ಆದರೆ ಆಧುನಿಕರು ರೂಢಿಯಾಗಿ ಮಾಡುವಂತೆ ನಾಲ್ಕು ಶ್ರುತಿಗಳ ಅಂತರವನ್ನು 9:8, ಮೂರರದನ್ನು 10:9, ಎರಡರದನ್ನು 16:15 ಎಂದು ತೆಗೆದುಕೊಂಡು ಒಂದು ಸ್ಥಾಯಿಯ ಏಳು ಅಂತರಗಳನ್ನೂ ಗುಣಿಸಿದರೆ ಫಲವು ಸರಿಯಾಗಿ 2 ಬರುತ್ತದೆ. ಪ್ರಮಾಣಶ್ರುತಿಯು 81:80 ಆಗುತ್ತದೆ. ಇಟಲಿಯ ಜಾರ್ಲಿನೊ 1558ರಲ್ಲಿ ಟಾಲೆಮಿಯನ್ನು ಅನುಸರಿಸಿ ಪ್ರತಿಪಾದಿಸಿದ ಸಹಜ ಸ್ವರಾಂತರಗಳನ್ನು ಮೇಜರ್ ಶ್ರೇಣಿಯಲ್ಲಿ ಜೋಡಿಸಿದರೆ 9:8, 10:9, 16:15, 9:8, 10:9, 9:8, 16:15 ಎಂಬ ಸಾಲು ದೊರೆಯುತ್ತದೆ. ಇದು ಮಧ್ಯಮಗ್ರಾಮದ ನಿಷಾದಮೂರ್ಛನೆಗೆ ಅಕ್ಷರಶಃ ಸಮ. ಆ ಮೂರ್ಛನೆಯ ಹೆಸರು ಮಾರ್ಗೀ. ಹಾರ್ಮೋನಿಯಂ ಮುಂದಿರಿಸಿಕೊಂಡು ರಜನೀ–ಮಾರ್ಗಿಗಳ ಭೇದವನ್ನು ಹುಡುಕುವವರಿಗೆ ಅದು ಎಂದಿಗೂ ಸಿಗದು. ಸಮಾನಾಂತರಗಳಿಗೆ ಕೂಡಿಸಿದ ಆ ವಾದ್ಯದಲ್ಲಿ ಪ್ರಮಾಣಶ್ರುತಿಗೆ ಎಡೆಯೇ ಇಲ್ಲ.

ಆಗಮದ ಸಜ್ಜಗಾಮದ ಪಟ್ಟಿ ಆರಂಭವಾಗುವುದು ಈ ಹೆಸರಿನಿಂದಲೇ. ಅಲ್ಲಿ ಅದರ ರೂಪ ಮಂಗೀ. ಇದನ್ನು ಅಪಪಾಠವೆಂದು ಶಂಕಿಸಬೇಕಾಗಿಲ್ಲ. ರೇಫಯುಕ್ತವಾದ ಸಂಯುಕ್ತಾಕ್ಷರವು ಪ್ರಾಕೃತದಲ್ಲಿ ದ್ವಿತ್ವವಾಗುವ ಬದಲು ಬಿಂದುವನ್ನು ಪಡೆಯುವುದುಂಟು. ಮಾರ್ಜಾರ ಶಬ್ದವು ಮಜ್ಜಾರವಾಗುವಂತೆ ಮಂಜಾರವೂ ಆಗುವುದನ್ನು ಹೇಮಚಂದ್ರಾಚಾರ್ಯರ ಪ್ರಾಕೃತವ್ಯಾಕರಣದ ವಕ್ರಾದಿಗಣದಲ್ಲಿ ನೋಡಬಹುದು. ಮಾರ್ಗೀ ಶಬ್ದವು ಮಂಗೀ ಆಗುವುದು ಅದೇ ಜಾಡಿನದು. ಮುಂದಿನ ಕೋರವ್ವೀಯಾ ಎಂಬುದು ಪೌರವಿಯನ್ನು ನೆನಪಿಗೆ ತರುತ್ತದೆ. ಕುರುವಂಶ, ಪುರುವಂಶಗಳೆರಡೂ ಪರಿಚಿತವಾದುದರಿಂದ ಮೊದಲಕ್ಷರವೊಂದೇ ಪಲ್ಲಟವಾಗಿರಬಹುದು. ಮಾರ್ಗೀ, ಪೌರವೀ ಇವು ಭರತನಲ್ಲಿಯೂ ಅಕ್ಕಪಕ್ಕದವು, ಆಗಮದಲ್ಲಿಯೂ ಅಕ್ಕಪಕ್ಕದವು. ಹರೀ ಎಂಬುದು ಹರಿಣಾಶ್ವೆಯ ಮೊದಲ ಭಾಗವಾಗಿರಬೇಕು. ಬಳಿಕ ರಯಣೀ, ಸಾರಕಂತಾ, ಸಾರಸೀ, ಏಳನೆಯದು ಸುದ್ಧಸಜ್ಜಾ.

ಈ ಕೊನೆಯ ಹೆಸರೇ ಶೀರ್ಷಿಕೆಗಳ ಪಲ್ಲಟವಾಗಿದೆಯೆಂಬ ವಾದಕ್ಕೆ ಮೊದಲ ತೊಡಕು. ಕೇವಲ ಶೀರ್ಷಿಕೆಗಳು ಅದಲುಬದಲಾಗಿದ್ದರೆ ಭರತನ ಷಡ್ಜಗ್ರಾಮಕ್ಕೆ ಸೇರಿದ ಶುದ್ಧಷಡ್ಜೆಯೂ ಉಳಿದ ಸಖಿಯರೊಡನೆ ಮಜ್ಝಿಮಗಾಮಕ್ಕೆ ಹೋಗಬೇಕಾಗಿತ್ತು. ಅದು ತನ್ನ ಗ್ರಾಮದಲ್ಲಿಯೇ ಉಳಿದಿದೆ. ರಯಣಿಯಂತೂ ಎರಡು ಪಟ್ಟಿಗಳಲ್ಲಿಯೂ ಇದೆ.

ಎರಡನೆಯ ತೊಡಕು ಇನ್ನೂ ಪ್ರಬಲವಾದುದು. ಮಜ್ಝಿಮಗಾಮದ ಹೆಸರುಗಳು ಉತ್ತರಮಂದಾ, ರಯಣೀ, ಉತ್ತರಾ, ಉತ್ತರಾಸಮಾ, ಆಸೋಕಂತಾ, ಸೋವೀರಾ, ಅಭಿರೂ ಎಂಬಿವು. ಆಸೋಕಂತಾ ಎಂಬಲ್ಲಿ ಅಶೋಕವೃಕ್ಷವನ್ನು ಕಾಣುವುದು ಸಲ್ಲದು. ಅಶ್ವ ಶಬ್ದಕ್ಕೆ ಆಸ ಎಂಬ ಪ್ರಾಕೃತರೂಪವು ಪ್ರಸಿದ್ಧವೇ ಆಗಿರುವುದರಿಂದ ಅದು ಅಶ್ವಕ್ರಾಂತೆಯೇ ಸರಿ. ಆದರೆ ಭರತನ ಕಣ್ಣಿನಿಂದ ನೋಡುವವರಿಗೆ ಸೋವೀರಾ ಇಲ್ಲಿ ಪರಕೀಯಳಾಗಿ ಕಾಣುತ್ತಾಳೆ. ಸೌವೀರಿಯು ಭರತನಲ್ಲಿ ಮಧ್ಯಮಗ್ರಾಮದ ಮೊದಲ ಮೂರ್ಛನೆ. ಉತ್ತರಮಂದ್ರೆಯ ಗುಂಪಿನಲ್ಲಿ ಇರಬೇಕಾದವಳು ಮತ್ಸರೀಕೃತೆ. ಹಾಗಾದರೆ ಸೋವೀರಾ ಎಂಬುದನ್ನು ತಿದ್ದಬೇಕೆ?

ನಾರದೀಯಶಿಕ್ಷೆಯನ್ನು ತೆರೆದರೆ ಉತ್ತರ ಸಿಗುತ್ತದೆ. ಸಾಮಗಾನದ ಪರಂಪರೆಗೆ ಸೇರಿದ ಆ ಗ್ರಂಥವೂ ಆಗಮದಂತೆಯೇ ಮೂರು ಗ್ರಾಮಗಳನ್ನು, ಇಪ್ಪತ್ತೊಂದು ಮೂರ್ಛನೆಗಳನ್ನು ಹೇಳುತ್ತದೆ. ಅವುಗಳನ್ನು ದೇವತೆಗಳು, ಪಿತೃಗಳು, ಋಷಿಗಳು ಎಂದು ಏಳೇಳಾಗಿ ಹಂಚುತ್ತದೆ. ಋಷಿಗಳ ಏಳು ಮೂರ್ಛನೆಗಳಲ್ಲಿ ಷಡ್ಜದಲ್ಲಿ ಉತ್ತರಮಂದ್ರಾ, ಋಷಭದಲ್ಲಿ ಅಭಿರುದ್ಗತಾ, ಗಾಂಧಾರದಲ್ಲಿ ಅಶ್ವಕ್ರಾಂತಾ, ಮಧ್ಯಮದಲ್ಲಿ ಸೌವೀರಾ, ಪಂಚಮದಲ್ಲಿ ಹೃಷ್ಯಕಾ, ಧೈವತದಲ್ಲಿ ಉತ್ತರಾಯತಾ, ನಿಷಾದದಲ್ಲಿ ರಜನೀ. ಇಲ್ಲಿ ಮತ್ಸರೀಕೃತೆಯಿಲ್ಲ. ಅವಳ ಸ್ಥಾನದಲ್ಲಿ, ಅದೇ ಮಧ್ಯಮಸ್ವರದ ಮೇಲೆ, ಸೌವೀರಾ ಇದ್ದಾಳೆ. ಆಗಮದ ಏಳು ಹೆಸರುಗಳಲ್ಲಿ ಆರು ಈ ಪಟ್ಟಿಯೊಡನೆ ಕೂಡುತ್ತವೆ; ಉತ್ತರಾಸಮಾ ಒಂದೇ ಭಿನ್ನ. ಆಗಮದ ಹೆಸರುಗಳಿಗೆ ನಾರದನ ಆರಂಭಸ್ವರಗಳನ್ನು ಇಟ್ಟು ನೋಡಿದರೆ ಷಡ್ಜ, ನಿಷಾದ, ಧೈವತ ಎಂಬ ಅವರೋಹಕ್ರಮವೂ ಹೊಳೆಯುತ್ತದೆ. ನಾಲ್ಕನೆಯದಾದ ಉತ್ತರಾಸಮೆಗೆ ಪಂಚಮವು ತಾನಾಗಿಯೇ ಒದಗುತ್ತದೆ. ಬಳಿಕ ಮಧ್ಯಮ, ಗಾಂಧಾರ ಎಂದಿರಬೇಕಾದಲ್ಲಿ ಆಸೋಕಂತಾ ಮುಂದಾಗಿ ಸೋವೀರಾ ಹಿಂದಾಗಿದೆ. ಗಾಥೆಯ ಮಾತ್ರೆಗಳು ಇಂತಹ ಸ್ಥಾನಪಲ್ಲಟವನ್ನು ಬೇಡುವುದು ಅಪರೂಪವಲ್ಲ. ಕೊನೆಯಲ್ಲಿ ಅಭಿರೂ, ಋಷಭದ ಮೂರ್ಛನೆ. ಇಷ್ಟು ವ್ಯವಸ್ಥಿತವಾದ ಪಟ್ಟಿಯನ್ನು ಲಿಪಿಕಾರನ ಪ್ರಮಾದವು ರಚಿಸಲಾರದು.

ಮೂರನೆಯ ಗ್ರಾಮದ ವಿಷಯದಲ್ಲಿಯೂ ಒಂದು ಸೂಚನೆಯಿದೆ. ಗಂಧಾರಗಾಮದ ಮೊದಲ ಹೆಸರು ಆಗಮದಲ್ಲಿ ನಂದೀ. ನಾರದನ ದೇವಮೂರ್ಛನೆಗಳಲ್ಲಿಯೂ ಮೊದಲನೆಯದು ನಂದೀ. ಮುಂದಿನ ಹೆಸರುಗಳು ಬೇರೆ ದಾರಿ ಹಿಡಿಯುತ್ತವೆ. ಭರತನಾದರೋ ಗಾಂಧಾರಗ್ರಾಮವನ್ನು ಲಕ್ಷಿಸುವುದೇ ಇಲ್ಲ; ನಾರದನು ಅದು ಸ್ವರ್ಗದಲ್ಲಲ್ಲದೆ ಬೇರೆಡೆ ಇಲ್ಲವೆನ್ನುತ್ತಾನೆ.

ಆದುದರಿಂದ ಆಗಮದ ಪಟ್ಟಿಯು ಭರತನ ಪಟ್ಟಿಯ ಭ್ರಷ್ಟರೂಪವಲ್ಲ. ನಾರದೀಯಶಿಕ್ಷೆಗೆ ಹತ್ತಿರವಾದ, ಆದರೆ ಅದಕ್ಕೂ ಪೂರ್ತಿ ಅಧೀನವಲ್ಲದ ಮತ್ತೊಂದು ಪರಂಪರೆಯ ಸಾಕ್ಷಿ. ವೀರನಿರ್ವಾಣದ 980ನೆಯ ವರ್ಷದಲ್ಲಿ, ಮತ್ತೊಂದು ಗಣನೆಯಂತೆ 993ನೆಯ ವರ್ಷದಲ್ಲಿ, ವಲಭಿಯಲ್ಲಿ ದೇವರ್ಧಿಗಣಿಗಳ ನೇತೃತ್ವದಲ್ಲಿ ಆಗಮಗಳು ಪುಸ್ತಕಾರೂಢವಾದಾಗ ಈ ಹೆಸರುಗಳ ಹಿಂದೆ ದೀರ್ಘವಾದ ಮೌಖಿಕ ಚರಿತ್ರೆಯೇ ಇದ್ದಿರಬೇಕು. ಅದನ್ನು ಭರತನ ಹೆಸರಿನಲ್ಲಿ ಅಳಿಸಿಬಿಟ್ಟರೆ ಸಂಗೀತಶಾಸ್ತ್ರದ ಚರಿತ್ರೆಗೆ ಒದಗುವ ಒಂದು ಸ್ವತಂತ್ರ ಆಧಾರವೇ ಇಲ್ಲವಾಗುತ್ತದೆ.

ಗ್ರಾಮಗಳ ಹೆಸರು ಬದಲಾದುದರಿಂದ ಸ್ವರರೂಪಕ್ಕೆ ಆಗುವ ವ್ಯತ್ಯಾಸವಾದರೂ ಎಷ್ಟು? ಮೇಲೆ ತೋರಿಸಿದಂತೆ ನಿಷಾದದಿಂದ ಹೊರಡುವ ಮೂರ್ಛನೆಯನ್ನು ಯಾವ ಗ್ರಾಮದಲ್ಲಿ ಎಣಿಸಿದರೂ ಶಂಕರಾಭರಣದ ನಡೆಯೇ ಬರುತ್ತದೆ. ಒಂದೇ ಸ್ವರವು ಒಂದೇ ಶ್ರುತಿಯಷ್ಟು ಸರಿಯುತ್ತದೆ. ಬೇರೆ ಆರು ಮೂರ್ಛನೆಗಳಿಗೂ ಈ ಮಾತು ಸಲ್ಲುತ್ತದೆ. ಪರಂಪರೆಯೊಂದು ಉತ್ತರಮಂದ್ರೆಯ ಗುಂಪನ್ನು ಮಧ್ಯಮಗ್ರಾಮದ್ದೆಂದು ಹೇಳಿಕೊಂಡು ಬಂದಿದ್ದರೂ ಹಾಡುವವರಿಗಾಗಲಿ ಬಾರಿಸುವವರಿಗಾಗಲಿ ಅದರಿಂದ ದೊಡ್ಡ ತೊಂದರೆಯಾಗುತ್ತಿರಲಿಲ್ಲ. ಹೆಸರುಗಳು ಒಂದು ಗ್ರಾಮದಿಂದ ಮತ್ತೊಂದಕ್ಕೆ ವಲಸೆ ಹೋಗಲು ಈ ಸಾಮೀಪ್ಯವೇ ಅವಕಾಶ ಕೊಟ್ಟಿರಬೇಕು.

ಇಂತಹ ವಲಸೆಗೆ ಯುರೋಪಿನ ಹಸ್ತಪ್ರತಿಗಳ ಚರಿತ್ರೆಯಲ್ಲಿ ಇನ್ನೂ ವಿಲಕ್ಷಣವಾದ ನಿದರ್ಶನವಿದೆ. ಮೇಜರ್ ಶ್ರೇಣಿಯ ಸ್ವರಗಳಿಂದ ಹೇಳುವುದಾದರೆ ಪ್ರಾಚೀನ ಗ್ರೀಕರ ಡೋರಿಯನ್ ಗಾಂಧಾರದಿಂದಲೂ ಫ್ರಿಜಿಯನ್ ಋಷಭದಿಂದಲೂ ಲಿಡಿಯನ್ ಷಡ್ಜದಿಂದಲೂ ಹೊರಡುತ್ತಿದ್ದವು. ಮಧ್ಯಯುಗದ ಲ್ಯಾಟಿನ್ ಪಂಡಿತರು ಬೊಯೀಥಿಯಸ್‌ನ ಗ್ರಂಥದಲ್ಲಿ ಉಳಿದಿದ್ದ ಗ್ರೀಕ್ ಹೆಸರುಗಳನ್ನು ತಮ್ಮ ಚರ್ಚಿನ ಗೀತಗಳ ಶ್ರೇಣಿಗಳಿಗೆ ಅಂಟಿಸುವಾಗ ಡೋರಿಯನ್ ಋಷಭಕ್ಕೂ ಫ್ರಿಜಿಯನ್ ಗಾಂಧಾರಕ್ಕೂ ಲಿಡಿಯನ್ ಮಧ್ಯಮಕ್ಕೂ ಹೋದವು. ಇಂದು ಜಗತ್ತೆಲ್ಲ ಬಳಸುವುದು ಈ ಪಲ್ಲಟಗೊಂಡ ಹೆಸರುಗಳನ್ನೇ. ಮೇಜರ್ ಶ್ರೇಣಿಗೆ ಹೊಂದುವ ಅಯೋನಿಯನ್ ಎಂಬ ಹೆಸರಾದರೋ ಚರ್ಚಿನ ಎಂಟು ಮೋಡ್‌ಗಳ ಎಣಿಕೆಯಲ್ಲಿ ಇರಲೇ ಇಲ್ಲ. ಸ್ವಿಟ್ಜರ್ಲೆಂಡಿನ ಗ್ಲಾರೆಯಾನುಸ್ 1547ರ ತನ್ನ ಗ್ರಂಥದಲ್ಲಿ ಮೋಡ್‌ಗಳ ಸಂಖ್ಯೆಯನ್ನು ಹನ್ನೆರಡಕ್ಕೆ ಏರಿಸಿ ಅದನ್ನು ಸೇರಿಸಿದನು. ಮೋಡ್‌ಗಳೆಲ್ಲವೂ ಮೇಜರ್ ಶ್ರೇಣಿಯಿಂದ ಹುಟ್ಟಿದವೆಂದು ಪಾಠ ಹೇಳುವುದು ಬೋಧನೆಯ ಸೌಕರ್ಯವೇ ಹೊರತು ಚರಿತ್ರೆಯಲ್ಲ. ಈ ದೇಶದಲ್ಲಿಯೂ ಬಿಲಾವಲ್ ಶುದ್ಧಶ್ರೇಣಿಯ ಪಟ್ಟವನ್ನು ಏರಿದುದು ಈಚೆಗೆ. 1813ರ ನಗ್ಮಾತ್-ಎ-ಆಸಫಿಯಲ್ಲಿ ಅದು ಆ ಸ್ಥಾನದಲ್ಲಿ ಕಾಣುತ್ತದೆ. ಕರ್ಣಾಟಕ ಪದ್ಧತಿಯಲ್ಲಿ ಶುದ್ಧಸ್ವರಗಳ ಮೇಳ ಇಂದಿಗೂ ಕನಕಾಂಗಿಯೇ. ಶಂಕರಾಭರಣವನ್ನು ಅಳತೆಗೋಲಾಗಿ ಬಳಸಬಹುದು, ಮೂಲವೆಂದು ಭಾವಿಸಬಾರದು.

ಜೈನ ಗ್ರಂಥಕಾರರಲ್ಲಿ ಭರತನ ಮಾರ್ಗವನ್ನು ಹಿಡಿದವರೂ ಇದ್ದಾರೆ. ಪುನ್ನಾಟಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, ಮುಗಿಸಿದ ಹರಿವಂಶಪುರಾಣದ ಹತ್ತೊಂಬತ್ತನೆಯ ಸರ್ಗದಲ್ಲಿ ವಸುದೇವನು ಗಂಧರ್ವಸೇನೆಯನ್ನು ವೀಣಾವಾದನದಲ್ಲಿ ಗೆಲ್ಲುವ ಪ್ರಸಂಗವಿದೆ. ಕಥೆಯನ್ನು ತಡೆದು ನಿಲ್ಲಿಸುವಷ್ಟು ವಿಸ್ತಾರವಾಗಿ ಅಲ್ಲಿ ಗಾಂಧರ್ವಶಾಸ್ತ್ರ ಬರುತ್ತದೆ. ಅದರ ಹಾದಿ ನಾಟ್ಯಶಾಸ್ತ್ರದ್ದು. ಸಂಘದ ಹೆಸರೇ ಕನ್ನಡನಾಡಿನ ದಕ್ಷಿಣದ ಪುನ್ನಾಡನ್ನು ನೆನಪಿಸುತ್ತದೆ; ಗ್ರಂಥವು ರಚಿತವಾದುದು ದೂರದ ವರ್ಧಮಾನಪುರದಲ್ಲಿ. ಹೀಗೆ ಜೈನ ವಾಙ್ಮಯದೊಳಗೇ ಎರಡು ಧಾರೆಗಳು ಕಾಣುತ್ತವೆ. ಒಂದರ ಪಾಠವನ್ನು ಮತ್ತೊಂದರಿಂದ ತಿದ್ದಿದರೆ ಎರಡೂ ಕೆಡುತ್ತವೆ.

ಮೂರ್ಛನೆಗಳು ಬಳಕೆಯಿಂದ ಜಾರಿದ ಕಾರಣವೂ ಪಾಠನಿರ್ಣಯಕ್ಕೆ ಪ್ರಸ್ತುತವೇ. ಭರತನ ಕಾಲದ ವೀಣೆಗಳು ಸ್ವರಕ್ಕೊಂದು ತಂತಿಯಿದ್ದವು. ಚಿತ್ರಾವೀಣೆಗೆ ಏಳು, ವಿಪಂಚಿಗೆ ಒಂಬತ್ತು. ಮೊದಲ ತಂತಿ ಯಾವ ಸ್ವರಕ್ಕೆಂಬುದನ್ನು ಗೊತ್ತುಮಾಡದೆ ಅವನ್ನು ಕೂಡಿಸುವಂತೆಯೇ ಇರಲಿಲ್ಲ. ಮೂರ್ಛನೆ ಅಂದು ವೈಣಿಕನ ನಿತ್ಯದ ಅಗತ್ಯ. ಮೆಟ್ಟಿಲುಗಳುಳ್ಳ ವೀಣೆ ಬಂದು, ಎಲ್ಲ ರಾಗಗಳೂ ಒಂದೇ ಆಧಾರಷಡ್ಜವನ್ನು ಅವಲಂಬಿಸಿದ ಮೇಲೆ ಆರಂಭಸ್ವರವನ್ನು ಬದಲಿಸುವ ಬದಲು ಸ್ವರಸ್ಥಾನಗಳನ್ನು ಬದಲಿಸುವುದೇ ಸುಲಭವಾಯಿತು. 1550ರ ಸ್ವರಮೇಳಕಲಾನಿಧಿಯಲ್ಲಿ ರಾಮಾಮಾತ್ಯನು ರಾಗಗಳನ್ನು ಮೇಳಗಳಲ್ಲಿ ಅಳವಡಿಸಿದ್ದು, ಮುಂದಿನ ಶತಮಾನದಲ್ಲಿ ವೆಂಕಟಮಖಿಯು ಎಪ್ಪತ್ತೆರಡು ಮೇಳಗಳನ್ನು ಪ್ರಸ್ತರಿಸಿದ್ದು ಈ ಪರಿವರ್ತನೆಯ ಫಲ. ಸಂಗೀತಸಮಯಸಾರವನ್ನು ಬರೆದ ದಿಗಂಬರ ವಿದ್ವಾಂಸ ಪಾರ್ಶ್ವದೇವನ ಒಲವು ಠಾಯ, ಆಲಪ್ತಿ ಮೊದಲಾದ ದೇಶೀ ವಿಷಯಗಳತ್ತ ಇರುವುದು ಕಾಲಧರ್ಮವನ್ನೇ ಸೂಚಿಸುತ್ತದೆ. ಸುಧಾಕಲಶನು ವಿಕ್ರಮ ಸಂವತ್ 1406ರಲ್ಲಿ, ಎಂದರೆ ಕ್ರಿ.ಶ. 1350ರಲ್ಲಿ, ಸಂಗೀತೋಪನಿಷತ್ಸಾರೋದ್ಧಾರವನ್ನು ರಚಿಸುವ ವೇಳೆಗೆ ಗ್ರಾಮಮೂರ್ಛನೆಗಳು ಬಹುಮಟ್ಟಿಗೆ ಶಾಸ್ತ್ರದ ಮಾತಾಗಿದ್ದವು. ಅಂದರೆ ಇಂದು ಲಭ್ಯವಿರುವ ಆಗಮಪ್ರತಿಗಳಲ್ಲಿ ಬಹುಪಾಲನ್ನು ಬರೆದ ಕೈಗಳು ಈ ಹೆಸರುಗಳನ್ನು ಕಿವಿಯಿಂದ ಅರಿತವುಗಳಲ್ಲ. ಅವು ಕಂಡುದನ್ನು ಕಂಡಂತೆ ನಕಲಿಸಿದವು. ಬುದ್ಧಿಪೂರ್ವಕವಾದ ತಿದ್ದುಪಡಿಗೆ ಅಲ್ಲಿ ಆಸ್ಪದ ಕಡಿಮೆ.

ಸಂಪಾದಕನ ಮುಂದಿರುವ ಕಾರ್ಯ ಇದರಿಂದ ಸ್ಪಷ್ಟವಾಗುತ್ತದೆ. ಮಂಗೀ, ಆಸೋಕಂತಾ, ಸೋವೀರಾ ಇವನ್ನು ಮೂಲದಲ್ಲಿ ಹಾಗೆಯೇ ಉಳಿಸಬೇಕು. ಗ್ರಾಮಗಳ ಶೀರ್ಷಿಕೆಗಳನ್ನು ಕದಲಿಸಬಾರದು. ಭರತ, ನಾರದರ ಹೆಸರುಗಳಿಗೆ ಅಡಿಟಿಪ್ಪಣಿಯೇ ಸ್ಥಾನ. ನಿಜವಾಗಿ ಪರಿಶೀಲನೆಗೆ ಅರ್ಹವಾದವು ಸಜ್ಜಗಾಮದ ರಯಣೀ, ಸಾರಕಂತಾ, ಸಾರಸೀ ಎಂಬ ಮೂರು ಹೆಸರುಗಳು. ರಯಣಿಯು ಮುಂದಿನ ಪಟ್ಟಿಯಿಂದ ಹಿಂದಕ್ಕೆ ಬಂದುದೋ, ಅಥವಾ ನಿಷಾದದ ಮೂರ್ಛನೆಗೆ ಎರಡೂ ಗ್ರಾಮಗಳಲ್ಲಿ ಒಂದೇ ಹೆಸರಿದ್ದಿತೋ ಎಂಬುದನ್ನು ಪಾಟಣ, ಜೈಸಲ್ಮೇರ್, ಖಂಭಾತಗಳ ತಾಡಪತ್ರಪ್ರತಿಗಳ ಪಾಠಾಂತರಗಳನ್ನು ಒಂದೆಡೆ ಕೂಡಿಸಿ ವಿಚಾರಿಸಬೇಕಾಗಿದೆ. ಎರಡನೆಯದೇ ನಿಜವಾದಲ್ಲಿ ಮಂಗಿಗೆ ನಿಷಾದವನ್ನು ಬಿಟ್ಟು ಬೇರೊಂದು ಆರಂಭಸ್ವರವನ್ನು ಹುಡುಕಬೇಕಾಗುತ್ತದೆ.